ಎರಡನೆಯ ಇಂಜೆಕ್ಷನ್‌ವರೆಗೆ

"ಜೊತೆಗೆ ಯಾರು ಬಂದಿದ್ದಾರಮ್ಮ?"

ಮಗುವಿನ ಎದೆಬಡಿತ ನೋಡುವ ಪಟ್ಟಿಯನ್ನು ಹೊಟ್ಟೆಗೆ ಬಿಗಿಯುತ್ತಾ ನರ್ಸ್ ಕೇಳಿದಳು. ಮಂಚದ ಮೇಲಿದ್ದವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಯಾರೂ ಇಲ್ಲ. ನಂಗೆ ಯಾರೂ ಇಲ್ಲ."

ಏಳು ತಿಂಗಳಿಗೇ ನೋವು ಶುರುವಾಗಿತ್ತು. ಬೆಳಿಗ್ಗೆ ಬೆನ್ನು ಹಿಡಿದುಕೊಂಡು ನಿಂತಾಗ, ಸಿಟಿ ಬಸ್ ಓಡಿಸುವ ಗಂಡ, "ಗ್ಯಾಸ್ ಇರ್ಬೇಕು, ಸ್ವಲ್ಪ ಮಲಗು" ಎಂದು ಕೆಲಸಕ್ಕೆ ಹೊರಟುಬಿಟ್ಟಿದ್ದ. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಫೋನ್ ಡಿಪೋದಲ್ಲೇ ಇಟ್ಟು ಬಸ್ ಹತ್ತಬೇಕೆಂಬ ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ನೋವಿನಲ್ಲಿ ನಿಯಮ ಯಾರಿಗೆ ನೆನಪಿರುತ್ತದೆ? ಪಕ್ಕದ ಮನೆಯವರಿಗೆ ಆಸ್ಪತ್ರೆಯ ಹೆಸರು ಹೇಳಿ, ಒಬ್ಬಳೇ ಟ್ಯಾಕ್ಸಿ ಹತ್ತಿದ್ದಳು.

ಡಾಕ್ಟರಮ್ಮ ಬಂದರು. "ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಅದಕ್ಕೇ ಈ ಇಂಜೆಕ್ಷನ್, ನಾಳೆ ಇನ್ನೊಂದು. ಅಲ್ಲಿವರೆಗೂ ಈ ಡ್ರಿಪ್ಪು ನೋವನ್ನ ತಡೀಬೇಕು."

"ತಡೀದೇ ಹೋದ್ರೆ?"

ಡಾಕ್ಟರಮ್ಮ ಭುಜ ತಟ್ಟಿ ಮುಂದಿನ ಮಂಚದ ಕಡೆ ನಡೆದರು.

ಪ್ರತಿ ಮಂಚದ ಪಕ್ಕದಲ್ಲೂ ಒಬ್ಬರಿದ್ದರು. ಪಕ್ಕದವಳಿಗೆ ಅವಳ ಅತ್ತೆ ತಲೆ ಬಾಚುತ್ತಿದ್ದರು. ನೋವು ಬಂದಾಗಲೆಲ್ಲ ಇವಳು ಮಂಚದ ಕಂಬಿ ಹಿಡಿದಳು. ಹಿಡಿಯಲು ಬೇರೇನೂ ಇರಲಿಲ್ಲ.

'ಬರಲೇ ಇಲ್ಲವಲ್ಲ... ಇಷ್ಟೇನಾ ನಾನು?'

ಹೊಟ್ಟೆಯ ಮೇಲೆ ಕೈಯಿಟ್ಟು ಪಿಸುಗುಟ್ಟಿದಳು. "ನೀನಾದ್ರೂ ಇರು ಕಂದ... ಇವತ್ತೊಂದಿನ ನನ್ ಜೊತೆ ಇರು."

ಕಂದ ಮಾತು ಕೇಳಿತು. ಮರುದಿನ ಎರಡನೆಯ ಇಂಜೆಕ್ಷನ್ ಆಗುವ ಹೊತ್ತಿಗೆ ನೋವು ನಿಂತಿತ್ತು. ಆ ಸಂತೋಷವನ್ನೂ ಯಾರಿಗೆ ಹೇಳಬೇಕೋ ತಿಳಿಯದೆ ಅವಳು ಸುಮ್ಮನೆ ಮಲಗಿದ್ದಳು.

ಸಿರಿಂಜ್ ಎತ್ತಿಡುತ್ತಾ ನರ್ಸ್ ಹೇಳಿದಳು. "ಅಲ್ಲಮ್ಮ, ಡ್ರೈವರ್ ಯೂನಿಫಾರ್ಮ್‌ನಲ್ಲಿ ಒಬ್ರು ನಿನ್ನೆಯಿಂದ ಮೆಟ್ಟಿಲ ಮೇಲೆ ಕೂತಿದ್ದಾರೆ. ಗಂಡ ಅಂದ್ರು. 'ಆಕೆಗೆ ಯಾರೂ ಇಲ್ವಂತೆ, ಆಕೆ ಹೇಳದೆ ಒಳಗೆ ಬಿಡಲ್ಲ' ಅಂದೆ. 'ಹಾಗಂದ್ಲಾ? ಅನ್ನಲಿ ಬಿಡಿ, ನಾನು ಇಲ್ಲೇ ಇರ್ತೀನಿ' ಅಂದ್ರು. ಮಗು ಹೇಗಿದೆ ಅಂತ ಕೇಳಿ ಕೇಳಿ ನನ್ ತಲೆ ತಿಂದಿದ್ದಾರೆ. ನೋವು ನಿಲ್ಲೋವರೆಗೂ ನಿಮ್ಗೆ ಹೇಳೋದು ಬೇಡ ಅಂತ ಸುಮ್ನಿದ್ದೆ."

ಅವನನ್ನು ಹೊರಗೆ ನಿಲ್ಲಿಸಿದ್ದು ಅವಳದೇ ಮಾತು.

"ಕರೀರಿ ಸಿಸ್ಟರ್... ಬೇಗ ಕರೀರಿ."

ಅವನು ಬಂದ. ಮಂಚದ ಅಂಚಿನಲ್ಲಿ ಕೂರಲೂ ಹೆದರಿ ನಿಂತೇ ಇದ್ದ.

"ಗ್ಯಾಸ್ ಅಂದ್ಬಿಟ್ಟೆ ಕಣೇ..."

"ನಾನು ಯಾರೂ ಇಲ್ಲ ಅಂದ್ಬಿಟ್ಟೆ ರೀ."

"ಕೇಳಿ ಜೀವವೇ ಹೋದ ಹಾಗಾಯ್ತು. ಆದ್ರೂ ಮನೆಗೆ ಹೋಗೋಕೆ ಕಾಲೇ ಏಳಲಿಲ್ಲ."

ಅವಳು ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಕೆಲಸ?"

"ರಜ ಹಾಕಿದೀನಿ. ಇದು ಹೊರಗೆ ಬರೋವರೆಗೂ."

"ಇನ್ನೂ ಎರಡು ತಿಂಗಳಿದೆ ರೀ..."

"ಇರಲಿ ಬಿಡು. ನಿಧಾನಕ್ಕೆ ಬರಲಿ, ನಮಗೇನು ಅವಸರ."