ಹೆಬ್ಬೆರಳಿನ ಕುಳಿ

ಹರಿಹರದಿಂದ ಬಂದಿದ್ದ ಮದುವೆ ಮನೆಯವರ ಮುಂದೆ ಸಿಂಚನಾ ಮತ್ತೊಂದು ರೇಷ್ಮೆ ಸೀರೆ ಬಿಚ್ಚಿ ಹರಡಿದಳು. ಆಕೆಯ ಮೀನಖಂಡಗಳಿಗೆ ಸುತ್ತಿದ್ದ ಮಿಡಿಪಟ್ಟಿ ಅದೇ ಹೊತ್ತಿಗೆ ಮಿಡಿಯಿತು. ಒದ್ದೆ ಬಟ್ಟೆಯ ನೀರನ್ನು ಅಂಗೈಯಿಂದ ಸವರಿ ತೆಗೆದ ಹಾಗೆ ಸಣ್ಣ ಅಲೆಯೊಂದು ಹಿಮ್ಮಡಿಯಿಂದ ಮಂಡಿಯವರೆಗೆ ಏರಿತು. ಅಂಗಡಿ ತೆರೆದಾಗಿನಿಂದ ಆಕೆ ಕೂತಿರಲಿಲ್ಲ. ಆದರೂ ಸಂಜೆ ಆಕೆಯ ಕಾಲು ಬೆಳಿಗ್ಗೆ ಇದ್ದ ಹಾಗೇ ಇತ್ತು.

ಕಂಬದ ಪಕ್ಕದಲ್ಲಿ ನಿಂತು ಇದನ್ನು ನೋಡುತ್ತಿದ್ದವರು ಡಾ. ಪ್ರತೀಕ್ಷಾ. ಮಿಡಿಪಟ್ಟಿ ಅವರ ಸಂಶೋಧನೆ. ಮೊದಲ ಪ್ರಯೋಗ ದಾವಣಗೆರೆಯ ಈ ಸೀರೆ ಅಂಗಡಿಯಲ್ಲೇ ನಡೆದಿತ್ತು. ಆ ನೆನಪಿಗೆ ಇವತ್ತು ಅವರಿಗೆ ಶಾಲು ಹೊದಿಸುವವರಿದ್ದರು. ಅವರ ಕಣ್ಣು ಮಾತ್ರ ಕೌಂಟರಿನ ಹಿಂದೆ ಏನನ್ನೋ ಹುಡುಕುತ್ತಿತ್ತು. ಪ್ರಯೋಗದ ದಿನಗಳಲ್ಲಿ ಅಲ್ಲಿದ್ದ ಸ್ಟೂಲುಗಳು ಕಾಣಲಿಲ್ಲ.

ರಕ್ತಕ್ಕೆ ಹೃದಯವಿದೆ. ರಕ್ತನಾಳಗಳಿಂದ ಸೋರಿ ಮಾಂಸದ ಸಂದುಗಳಲ್ಲಿ ನಿಲ್ಲುವ ನೀರಿಗೆ ಅಂಥ ಪಂಪು ಇಲ್ಲ. ಅದನ್ನು ಹೀರಿ, ಗ್ರಂಥಿಗಳಲ್ಲಿ ಸೋಸಿ, ಕತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳು. ಅವು ತಮ್ಮಷ್ಟಕ್ಕೆ ಒಂದಿಷ್ಟು ಹಿಂಡಿಕೊಳ್ಳುತ್ತವೆ. ಉಳಿದದ್ದನ್ನು ನಮ್ಮ ನಡಿಗೆ, ಉಸಿರಾಟಗಳೇ ತಳ್ಳಬೇಕು. ಒಂದೇ ಕಡೆ ನಿಂತವರ ಕಾಲಿನಲ್ಲಿ ನೀರು ಇಳಿದು ತುಂಬಿಕೊಳ್ಳುತ್ತದೆ.

ಪ್ರತೀಕ್ಷಾ ಮೊದಲು ಯೋಚಿಸಿದ್ದು ಕಾಲಿನ ವಿಷಯವನ್ನಲ್ಲ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಅವರ ತಾಯಿಯ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರು. ಆಮೇಲೆ ಆ ಕೈ ಊದಿದ್ದು ಇಳಿಯಲೇ ಇಲ್ಲ. ಅದಕ್ಕೊಂದು ಪಟ್ಟಿ ಮಾಡಬೇಕೆಂದರೆ ಮೊದಲು ಪ್ರಯೋಗಕ್ಕೆ ದಿನವೂ ತಪ್ಪದೆ ಬಾವು ಬರುವ ಮೈಗಳು ಬೇಕಿದ್ದವು. ಸೀರೆ ಅಂಗಡಿಯ ಹೆಂಗಸರ ಕಾಲುಗಳು ಸುಲಭವಾಗಿ ಸಿಕ್ಕವು. ಮಾಲೀಕರು ಸಂತೋಷದಿಂದ ಒಪ್ಪಿದರು. ಅಷ್ಟು ಸಂತೋಷ ಯಾಕೆಂದು ಪ್ರತೀಕ್ಷಾ ಆಗ ಕೇಳಿಕೊಂಡಿರಲಿಲ್ಲ. ತಾಯಿಯ ಕೈ ಮತ್ತೆ ಬಳೆಗೆ ಹಿಡಿಸಿತು, ಅದೂ ಸುಳ್ಳಲ್ಲ.

ಗಿರಾಕಿಗಳು ಎದ್ದ ಮೇಲೆ ಅವರು ಸಿಂಚನಾಳ ಹತ್ತಿರ ಹೋಗಿ ಸ್ಟೂಲುಗಳು ಏನಾದವೆಂದು ಕೇಳಿದರು. ಸಿಂಚನಾ ಸೀರೆ ಮಡಿಸುತ್ತಲೇ ಹೇಳಿದಳು. ಮುಂಚೆ ಇಲ್ಲೊಂದು ರೂಢಿಯಿತ್ತು. ನಿಲ್ಲಲಾಗದವರು ಕಣಕಾಲ ಮೂಳೆಯ ಮೇಲೆ ಹೆಬ್ಬೆರಳೊತ್ತಿ ಮ್ಯಾನೇಜರಿಗೆ ತೋರಿಸುತ್ತಿದ್ದರು. ಒತ್ತಿದ ಕುಳಿ ತುಂಬದೆ ಉಳಿದರೆ ಸ್ಟೂಲು ಸಿಗುತ್ತಿತ್ತು. ನಮ್ಮ ಕಾಲು ಪಡ್ಡಿನ ಹಂಚಾಗಿದೆ ಎಂದು ಹೆಂಗಸರೆಲ್ಲ ನಗುತ್ತಿದ್ದರಂತೆ. ಮಿಡಿಪಟ್ಟಿ ಬಂದ ಮೇಲೆ ಯಾರ ಕಾಲಲ್ಲೂ ಕುಳಿ ಬೀಳಲಿಲ್ಲ. ಸ್ಟೂಲುಗಳು ಗೋದಾಮಿಗೆ ಹೋದವು.

“ಮೊದ್ಲು ಕಾಲು ಬಾತ್ರೆ ತೋರ್ಸಾಕಾದ್ರೂ ಏನೋ ಇತ್ತು ಡಾಕ್ಟ್ರಮ್ಮ,” ಎಂದಳು ಸಿಂಚನಾ. “ಈಗ ಸೊಂಟ, ಮಂಡಿ, ಅಂಗಾಲು ಎಲ್ಲಾ ನೋವು ಹಂಗೇ ಐತಿ. ತೋರ್ಸಾಕೆ ಏನೂ ಇಲ್ಲ.”

ಪಟ್ಟಿ ಬಿಚ್ಚಿಡಬಹುದಲ್ಲ ಎಂದರು ಪ್ರತೀಕ್ಷಾ, ದನಿ ತಗ್ಗಿಸಿ. ಅದನ್ನೂ ಮಾಡಿ ನೋಡಿದ್ದಳಂತೆ. ಬಾವು ಬಂತು, ಕುಳಿಯೂ ಬಿತ್ತು. ಅಂಗಡಿ ಕೊಟ್ಟ ಪಟ್ಟಿಯನ್ನು ಬಿಚ್ಚಿ ಬೇಕೆಂದೇ ಕಾಲು ಊದಿಸಿಕೊಂಡಿದ್ದಾಳೆ, ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರುವುದು ಬೇಡ ಎಂದಿದ್ದರು ಮ್ಯಾನೇಜರು.

ಮ್ಯಾನೇಜರ್ ಬಸವಕಿರಣ ಒರಟು ಮನುಷ್ಯನಲ್ಲ. ಪ್ರತೀಕ್ಷಾ ಸ್ಟೂಲಿನ ಮಾತೆತ್ತಿದಾಗ ಕೈಜೋಡಿಸಿ ನಕ್ಕ.

“ದಿನಾ ನಿಂತ್ರೂ ಬಾವು ಬರಂಗಿಲ್ಲ ಅಂತ ನಿಮ್ಮ ಪ್ರಬಂಧದಾಗೆ ನೀವೇ ಬರ್ದೀರಲ್ರೀ ಮೇಡಂ.”

“ಬಾವು ಬರಲ್ಲ ಅಂತ ಬರೆದೆ. ದಣಿವಾಗಲ್ಲ ಅಂತ ಎಲ್ಲಿ ಬರೆದೆ?”

“ದಣಿವು ಅಳೆಯೋ ಪಟ್ಟಿನೂ ಒಂದು ಮಾಡ್ಕೊಂಡು ಬರ್ರಿ. ಅವತ್ತೇ ಸ್ಟೂಲು ಹಾಕ್ಸ್ತೀನಿ.”

ಅಳೆಯಲು ಬರುವುದನ್ನಷ್ಟೇ ನಂಬುವುದನ್ನು ಪ್ರತೀಕ್ಷಾ ತಾವೇ ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದಿದ್ದರು. ಪ್ರಬಂಧದಲ್ಲಿ ಇನ್ನೊಂದೇ ಒಂದು ವಾಕ್ಯ ಸೇರಿಸಿದ್ದರೆ ಆಗುತ್ತಿತ್ತೇನೋ ಎನಿಸಿತು. ಆ ವಾಕ್ಯವನ್ನು ಇವರು ಓದುತ್ತಿದ್ದರೇ ಎಂದೂ ಅನಿಸಿತು.

ಶಾಲು ಬಂತು. ಜೊತೆಗೆ ಮೆತ್ತೆ ಹಾಕಿದ ಕುರ್ಚಿಯೂ ಬಂತು. ಪ್ರತೀಕ್ಷಾ ಅದನ್ನು ಸಿಂಚನಾಳ ಕಡೆ ಸರಿಸಿದರು. ಎಲ್ಲರ ಎದುರಿಗೆ, ಒಂದು ಗಳಿಗೆಯಾದರೂ ಆಕೆ ಕೂರಲಿ ಎಂದು.

“ಬ್ಯಾಡ್ರೀ,” ಎಂದಳು ಸಿಂಚನಾ ಮೆಲ್ಲಗೆ. “ನೀವು ಹೋಗ್ತೀರಿ. ನಾನು ನಾಳೆನೂ ಇಲ್ಲೇ ನಿಲ್ಲಬೇಕು.”

ಕೊನೆಗೆ ಪ್ರತೀಕ್ಷಾ ತಾವೇ ಕೂತರು. ಶಾಲು ಹೆಗಲಿಗೆ ಬಿತ್ತು, ಚಪ್ಪಾಳೆ ಕೇಳಿಸಿತು. ಸಾಲಾಗಿ ನಿಂತ ಹೆಂಗಸರ ಕಾಲುಗಳಲ್ಲಿ ಅಲೆ ಏರುತ್ತಲೇ ಇತ್ತು.

ಕೂತಲ್ಲೇ ಅವರಿಗೆ ಚಿಕ್ಕಂದಿನ ಒಂದು ಸಂಜೆ ನೆನಪಾಯಿತು. ಮಿಡಿಪಟ್ಟಿಯ ಸುಳಿವೇ ಇಲ್ಲದ ಕಾಲ. ಚಿಕ್ಕಮ್ಮನ ಮದುವೆಗೆ ಸೀರೆ ಕೊಳ್ಳಲು ಅಮ್ಮನ ಜೊತೆ ಹೋಗಿದ್ದರು. ತಮಗೆ ಕೊಟ್ಟ ಕುರ್ಚಿ, ಬಾದಾಮಿ ಹಾಲಿನ ಲೋಟ, ಅಮ್ಮ ಬೇಡವೆಂದ ಸೀರೆಗಳ ರಾಶಿ, ಅವನ್ನು ಬಿಚ್ಚುತ್ತಲೇ ಇದ್ದ ಹೆಂಗಸಿನ ಕೆಂಪು ಗಾಜಿನ ಬಳೆ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಆಕೆಯ ಹಿಂದೆ ಕೂರಲು ಏನಾದರೂ ಇತ್ತೇ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವತ್ತು ಅವರು ಆ ಕಡೆ ನೋಡಿರಲೇ ಇಲ್ಲ.