ಎರಡು ಹಿಡಿ ಜೋಳ

“ವಾಡೇದವರ ಪೈಕಿ ಅಲ್ಲಂದ್ರ ಇಳೀರಿ, ಏನೂ ಆಗಂಗಿಲ್ಲ. ಅವರ ಪೈಕಿ ಆಗಿದ್ರ ಮಾತ್ರ ಆ ಕಲ್ಲು ಮುಟ್ಟಬ್ಯಾಡ್ರಿ,” ಎಂದಳು ಆ ಊರಿನ ಎರ್ರೆಮ್ಮ, ಗೌಡರ ಹಾಳು ವಾಡೆಯ ಅಂಗಳದ ಕಲ್ಲು ತೋರಿಸುತ್ತ.

ಗಂಗಾಧರ ನಕ್ಕುಬಿಟ್ಟ. ತಾನು ಹರಪನಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರು, ಊರಿನ ಚರಿತ್ರೆ ಬರೆಯಲು ಬಂದವನು, ವಾಡೆಯ ನಂಟು ತನಗೆಲ್ಲಿಂದ ಬರಬೇಕು ಎಂದ. ಅದು ಸುಳ್ಳು. ಆ ವಾಡೆಯ ಕೊನೆಯ ಗೌಡ ಅವನ ತಾಯಿ ಕಲ್ಯಾಣಮ್ಮನ ಅಜ್ಜ. ಬರದ ವರ್ಷ ಹಗೇವಿನ ಜೋಳ ತೆಗೆದು ಊರಿಗೆಲ್ಲ ಉಣಿಸಿದ ಪುಣ್ಯಾತ್ಮ ಎಂದು ಆಕೆ ಮಗನಿಗೆ ಹೇಳಿಕೊಂಡೇ ಬಂದಿದ್ದಳು. ತಾನು ಕಣ್ಣು ಮುಚ್ಚುವುದರೊಳಗೆ ಆ ಮಾತು ಪುಸ್ತಕದಲ್ಲಿ ಅಚ್ಚಾಗಬೇಕೆಂದು ಕಾದು ಕೂತಿದ್ದಳು. ನಿಜ ಹೇಳಿದರೆ ಊರವರು ಬಾಯಿ ಬಿಡುವುದಿಲ್ಲವೆಂದು ಗಂಗಾಧರ ಮುಚ್ಚಿಟ್ಟಿದ್ದ.

ಹಿರೇಹಡಗಲಿ ದಾಟಿ ಒಳದಾರಿಯಲ್ಲಿರುವ ಆ ಊರಿನ ಬಾಯಲ್ಲಿದ್ದ ಕತೆಯೇ ಬೇರೆ. ಬರದ ವರ್ಷ ವಾಡೆಯ ಅಂಗಳದ ಹಗೇವು, ಅಂದರೆ ನೆಲದೊಳಗಿನ ಜೋಳದ ಗುಂಡಿ, ತಳ ಕಂಡಿತ್ತು. ತಳದ ಕಾಳು ಗೋರಲು ಎರ್ರೆಮ್ಮನ ಅಜ್ಜಿ ಮಾರೆಮ್ಮನನ್ನು ಹಗ್ಗ ಕಟ್ಟಿ ಇಳಿಸಿದರು. ಮನೆಯಲ್ಲಿ ಹಸಿದಿದ್ದ ಮಗನಿಗೆಂದು ಆಕೆ ಒಂದು ಹಿಡಿ ಕಾಳನ್ನು ಸೆರಗಿಗೆ ಕಟ್ಟಿಕೊಂಡಳು. ಮೇಲಿಂದ ಗೌಡ ನೋಡಿದ. ಹಗ್ಗ ಎಳೆದುಕೊಂಡ. ಕಲ್ಲು ಮುಚ್ಚಿಸಿದ. ಮೂರು ದಿನ ಸದ್ದು ಬರುತ್ತಿತ್ತು, ನಾಲ್ಕನೆಯ ದಿನ ಬರಲಿಲ್ಲ.

ಮಾರೆಮ್ಮನ ತಾಯಿ ಹೊಳೆದಂಡೆಯ ಮಾಟಗಾರನನ್ನು ಕರೆತಂದಳು. ಅವನು ಮಣ್ಣಿನ ಗೊಂಬೆ ಮಾಡಿ, ಬಾಯಿಗೆ ಜೋಳ ತುಂಬಿ, ತಾಮ್ರದ ತಂತಿಯಿಂದ ಹೊಲಿದು ಕಲ್ಲಿನ ಕೆಳಗೆ ಹುಗಿದ. ವರ್ಷದೊಳಗೆ ಗೌಡ ತುಂಬಿದ ಗಂಗಾಳದ ಮುಂದೆ ಹಸಿದು ಸತ್ತ. ವಾಡೆಯ ಮಂದಿ ಊರು ಬಿಟ್ಟರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಆ ಕಲ್ಲಿನ ಕಿಂಡಿಯಲ್ಲಿ ಎರ್ರೆಮ್ಮನ ಮನೆಯವರು ಒಂದು ಹಿಡಿ ಜೋಳ ಬಿಡುತ್ತ ಬಂದಿದ್ದಾರೆ.

ಮರುದಿನ ಎರ್ರೆಮ್ಮನ ಮಗ ಚೌಡಣ್ಣ ಹಾರೆ ಹಾಕಿ ಕಲ್ಲು ಸರಿಸಿದ. ಕೆಳಗೆ ಗೊಂಬೆ ಇತ್ತು. ಚೌಡಣ್ಣ ಹಿಂದೆ ಸರಿದ. ಗಂಗಾಧರ ಅದನ್ನು ಬೂಟಿನ ತುದಿಯಿಂದ ಪಕ್ಕಕ್ಕೆ ದೂಡಿ, ಇದರ ಫೋಟೊ ಪುಸ್ತಕಕ್ಕೆ ಚೆನ್ನಾಗಿರುತ್ತದೆ ಎಂದ. ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟು, ಅದರ ಮರುದಿನ ಮಧ್ಯಾಹ್ನ ಮೊದಲು ಕಂದೀಲು ಇಳಿಸಿದರು. ಉರಿ ನೆಟ್ಟಗೆ ನಿಂತಿತು. ಗಂಗಾಧರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮುಗ್ಗಿದ ಜೋಳದ ವಾಸನೆ, ಅದರಡಿಗೆ ಹುಳಿತ ಬೆವರಿನ ವಾಸನೆ. ಮೇಲೆ ಸುಡುಬಿಸಿಲು, ಇಲ್ಲಿ ಒದ್ದೆ ಬಟ್ಟೆಯಂಥ ತಂಪು. ಮಣ್ಣು ಮೆತ್ತಿದ ಗೋಡೆಯ ಸುತ್ತ ನಾಲ್ಕು ನಾಲ್ಕು ಬೆರಳಿನ ಗೀರುಗಳು, ಹೆಂಗಸಿನ ಕೈ ಎಟಕುವಷ್ಟು ಎತ್ತರಕ್ಕೆ. ಮೂಲೆಯಲ್ಲಿ ಸೀರೆಯ ಚೂರು. ಅದರಲ್ಲೊಂದು ಗಂಟು. ಒಳಗೆ ಕಾಳು. ಹಸಿದು ಸಾಯುವಾಗಲೂ ಮಗನಿಗೆಂದು ಕಟ್ಟಿದ್ದನ್ನು ಆಕೆ ಬಿಚ್ಚಿರಲಿಲ್ಲ.

ಗಂಗಾಧರ ಬಗ್ಗಿದ. ಗಂಟನ್ನು ಜೇಬಿಗೆ ಹಾಕಿಕೊಂಡ.

ಕಂದೀಲು ಆರಿತು.

ಕತ್ತಲು. ಬರಿ ಬಾಯಿ ಮೆಲ್ಲುವ ಸದ್ದು. ಹಲ್ಲಿಗೆ ಹಲ್ಲು. ಹತ್ತಿರ ಬಂತು. ಕಿವಿಯ ಹಿಂದೆ ಉಸಿರು. ತಣ್ಣಗಿನ ಉಸಿರು.

“ಯಾರ ಪೈಕಿ ನೀನು?”

ಚೌಡಣ್ಣ ಮೇಲಿಂದ ಕೇಳಿದನೆಂದುಕೊಂಡ. “ವಾಡೇದವನಲ್ಲ. ಎಳಿ, ಎಳಿ ಮಾರಾಯ.”

ಹಗ್ಗ ಬಿಗಿಯಿತು. ಬಿಸಿಲಿಗೆ ಬಂದು ಬಿದ್ದವನಿಗೆ ಚೌಡಣ್ಣ ಮೆಲ್ಲಗೆ ಹೇಳಿದ: “ನಾನೇನೂ ಕೇಳಿಲ್ರಿ, ಸಾರ್.”

ಕಲ್ಲು ಮತ್ತೆ ಮುಚ್ಚಿ ಬಂದ ಮೇಲೆ ಎರ್ರೆಮ್ಮ ರೊಟ್ಟಿ, ಪುಂಡಿ ಪಲ್ಯ ತಂದಿಟ್ಟಳು. ಮೊದಲ ತುತ್ತು ಬಾಯಲ್ಲಿ ಮಣ್ಣಾಯಿತು. ಎರಡನೆಯದೂ. ಆಕೆ ಅವನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು, ಬೈಯಲಿಲ್ಲ: ಊರ ಮುಂದೆ ನಿಂತು ಯಾರ ಪೈಕಿ ಎಂದು ಹೇಳಿಬಿಡ್ರಿ, ನಿಮ್ಮ ಹಿರೇರು ಮಾಡಿದ್ದನ್ನ ಹಂಗೇ ಬರೀರಿ, ಅನ್ನ ಇಳೀತೈತಿ.

ಮನೆಗೆ ಮರಳಿ ಅವನು ಬರೆಯಲು ಕೂತದ್ದು ನಿಜ. ಕಲ್ಯಾಣಮ್ಮ ಆ ಹಾಳೆ ಓದಿ ಹರಿದಳು. ನನ್ನ ಮನೆತನದ ಮಾನಕ್ಕಿಂತ ನಿನಗೆ ತುತ್ತು ಹೆಚ್ಚಾಯಿತೇ ಎಂದಳು. ಗಂಟನ್ನು ಒಲೆಗೆ ಹಾಕಿದಳು. ಗಂಗಾಧರ ತಡೆಯಲಿಲ್ಲ. ಡಾಕ್ಟರರು ರೋಗವೇ ಇಲ್ಲವೆಂದರು. ಮೈಯ ಮಾಂಸ ಇಳಿಯಿತು, ಪುಸ್ತಕ ಅಚ್ಚಾಯಿತು. ಮೊದಲ ಪುಟದಲ್ಲಿ ಅನ್ನದಾತ ಗೌಡರ ಫೋಟೊ.

ಬಿಡುಗಡೆ ವಾಡೆಯ ಅಂಗಳದಲ್ಲೇ ಆಯಿತು. ಹಾರ, ಶಾಲು, ಹೋಳಿಗೆ ಊಟ. ತಾಯಿ ತನ್ನ ಕೈಯಾರೆ ಮಗನ ಬಾಯಿಗೆ ಹೋಳಿಗೆ ಇಟ್ಟಳು. ಅವನು ಕೆಮ್ಮಿದ. ಒಣಮಣ್ಣು ಉದುರಿತು. ಇನ್ನೂ ಕೆಮ್ಮಿದ. ಮಣ್ಣು, ಮಣ್ಣು. ಉಸಿರಿಗೆ ಜಾಗವಿರಲಿಲ್ಲ. ಅವನ ಉಸಿರು ನಿಂತ ಮೇಲೂ ಕಲ್ಯಾಣಮ್ಮ ಬೆರಳು ಹಾಕಿ ತೋಡುತ್ತಲೇ ಇದ್ದಳು.

ಮುಂದಿನ ಅಮಾವಾಸ್ಯೆಗೆ ಎರ್ರೆಮ್ಮ ಕಿಂಡಿಯಲ್ಲಿ ಒಂದು ಹಿಡಿ ಜೋಳ ಬಿಟ್ಟಳು. ನಿಂತಳು. ಮತ್ತೊಂದು ಹಿಡಿ ಬಿಟ್ಟಳು.

“ಆ ವಾಡೇದವಂಗ್ಯಾಕ, ಯವ್ವಾ?” ಎಂದ ಚೌಡಣ್ಣ.

“ಒಳಗ ಈಗ ಇಬ್ರು ಅದಾರ. ಒಂದೇ ಹಿಡಿ ಹಾಕಿದ್ರ ನಮ್ಮಜ್ಜೀದನ್ನೂ ಅವನೇ ಕಸಗೊಂತಾನ.”