ಮೂರನೇ ಸೀರೀಸಿನ ಅಂಬಿಗ

“ಇದು ಕೋಟೆ ಬಾಗಿಲು ಮುರಿಯೋ ಕಂತಲ್ಲೇನ್ರಿ? ಮೊದಲನೇ ಸೀರೀಸ್!”

ಕಿವಿಯ ಬಳಿಯೇ ಕೇಳಿದ ಗಂಡು ದನಿಗೆ ಮೈತ್ರಿ ಬೆಚ್ಚಿದಳು. ಮೊಬೈಲು ಕೈಜಾರಿ ತೊಡೆಯ ಮೇಲೆ ಬಿತ್ತು. ವಾಡಿಯಿಂದ ಸೇಡಂ ಕಡೆ ಹೊರಟ ಬೆಳಗಿನ ರೈಲು ಆಗಷ್ಟೇ ಚಿತ್ತಾಪುರ ಬಿಟ್ಟಿತ್ತು. ಅಲ್ಲಿ ಹತ್ತಿದ ಗುಂಪಿನಲ್ಲೊಬ್ಬ, ಕಾರ್ಖಾನೆಯ ನೀಲಿ ಅಂಗಿ ತೊಟ್ಟವನು, ಅವಳ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದ.

“ಮಂದಿ ಮೊಬೈಲಿನ್ಯಾಗ ಹಣಿಕಿ ಹಾಕಾಕ ನಾಚಿಕಿ ಬರಂಗಿಲ್ಲೇನ್ರಿ ನಿಮ್ಗ?”

“ಬರ್ತದ್ರಿ... ಖರೇನೇ ಬರ್ತದ. ಆದ್ರ ಈ ರೈಲಿನ್ಯಾಗ ‘ಉಪ್ಪಿನ ಕೋಟೆ’ ನೋಡೋರು ನಂಗ ಇವತ್ತೇ ಸಿಕ್ಕಿದ್ದು. ಬಾಯಿ ತಡೀಲಿಲ್ಲ. ನಾನು ರಾಜರತ್ನ ಅಂತ. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿನ್ಯಾಗ ಕೆಲಸ.”

ಇವನ ಹೆಸರು ಕೇಳಿದವರ್ಯಾರು! ಮೈತ್ರಿ ಕಿಟಕಿಯತ್ತ ಮುಖ ತಿರುಗಿಸಿದಳು. ಆದರೆ ಆತ ಬಿಡುವ ಪೈಕಿಯಲ್ಲ.

“ಮೊದಲನೇದು ಚಂದ ಅದ, ಇಲ್ಲ ಅನ್ನಂಗಿಲ್ಲ. ಎರಡನೇದರಾಗ ಚಿತ್ರ ಇನ್ನೂ ಚಂದ ಬಿಡಿಸ್ಯಾರ. ಆದ್ರ ಮೂರನೇದರ ಮುಂದ ಎರಡೂ ಏನಲ್ರಿ.”

“ಮೂರನೇದಾ?” ಮಾತಾಡಬಾರದೆಂದುಕೊಂಡಿದ್ದವಳ ಬಾಯಿಂದ ಮಾತು ಹಾರಿತು. “ಅದನ್ನ ಎಲ್ಲಾರೂ ಬೈತಾರ!”

“ನೀವು ನೋಡೀರೇನು?”

“ನೋಡಿಲ್ಲ. ನೋಡೋದೂ ಇಲ್ಲ.”

‘ಉಪ್ಪಿನ ಕೋಟೆ’ ಜಪಾನಿನ ಅನಿಮೆ. ಹಿಂದಿ ಡಬ್ಬಿಂಗಿನಲ್ಲಿ ಮೂರು ಸೀರೀಸ್ ಬಂದಿವೆ. ಮೊದಲನೆಯದರಲ್ಲಿ ಮಿಯೋರಿ ಎಂಬ ಹುಡುಗಿ, ಕೆಂತಾ ಎಂಬ ಹುಡುಗ ಸೇರಿ ಸಮುದ್ರದ ಭೂತಗಳಿಂದ ತಮ್ಮ ಕೋಟೆ ಕಾಯುತ್ತಾರೆ. ಬರೀ ನಗು, ಜಗಳ, ಪ್ರೀತಿ. ಎರಡನೆಯದರಲ್ಲಿ ಯುದ್ಧ, ಕೆಂತಾ ಸಾಯುತ್ತಾನೆ. ಮೂರನೆಯದರಲ್ಲಿ ಭೂತವೂ ಇಲ್ಲ, ಯುದ್ಧವೂ ಇಲ್ಲ. ಮಿಯೋರಿ ಕೆಂತಾನಿಂದಾದ ಪುಟ್ಟ ಮಗನನ್ನು ಕಟ್ಟಿಕೊಂಡು ಗೋರೋ ಎಂಬ ಅಂಬಿಗನ ಮನೆ ಸೇರುತ್ತಾಳೆ. ಅಭಿಮಾನಿಗಳು ಉಗಿದು ಉಪ್ಪಿನಕಾಯಿ ಹಾಕಿದ್ದು ಈ ಮೂರನೆಯದಕ್ಕೇ. ಕೆಂತಾನನ್ನು ಅಷ್ಟು ಬೇಗ ಮರೆತಳಲ್ಲ ಅಂತ.

ಮೈತ್ರಿಗೆ ಅದೆಲ್ಲ ಗೊತ್ತಿತ್ತು. ಆದರೆ ಅವಳು ನೋಡಿದ್ದು ಎರಡನೇ ಸೀರೀಸಿನ ಅರ್ಧದವರೆಗೆ ಮಾತ್ರ. ಅಲ್ಲಿಯವರೆಗೆ ಪಕ್ಕದಲ್ಲಿ ಅಂಬರೇಶನಿದ್ದ, ಅವಳ ಗಂಡ. ಈ ಹುಚ್ಚು ಹಿಡಿಸಿದವನೂ ಅವನೇ. ಉಳಿದದ್ದು ಭಾನುವಾರ ನೋಡೋಣ ಅಂದವನು, ಶನಿವಾರ ಶಹಾಬಾದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹೋಗಿಯೇಬಿಟ್ಟ.

ಮೈತ್ರಿ ಅಳಲಿಲ್ಲ. ಮಣ್ಣು ಕೊಡುವಾಗಲೂ ಅಳಲಿಲ್ಲ. ಆಮೇಲೂ ಇಲ್ಲ. ಕಲ್ಲೆದೆಯವಳು ಅಂದರು ನೆಂಟರು. ಅವಳಿಗೆ ಅದಕ್ಕೂ ಏನೂ ಅನ್ನಿಸಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಜೋಮು ಹಿಡಿದ ಕೈಯಂತೆ ಇಡೀ ಜೀವ ಮರಗಟ್ಟಿತ್ತು. ಸೇಡಂನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ದಿನವಿಡೀ “ಉಸಿರು ಹಿಡೀರಿ... ಬಿಡ್ರಿ” ಅನ್ನುವುದು, ರೈಲಿನಲ್ಲಿ ಮೊದಲನೇ ಸೀರೀಸನ್ನೇ ಮತ್ತೆ ಮತ್ತೆ ನೋಡುವುದು. ಅದರಲ್ಲಿ ಕೆಂತಾ ಬದುಕಿರುತ್ತಾನೆ. ಅವಳಿಗೆ ಅಷ್ಟು ಸಾಕಿತ್ತು.

ಮರುದಿನವೂ ರಾಜರತ್ನ ಅದೇ ಡಬ್ಬಿ ಹತ್ತಿದ. ಅದರ ಮರುದಿನವೂ!

“ಮೊದಲನೇದರಾಗ ಪ್ರೀತಿ ಅಂದ್ರ ಬರೀ ಡೈಲಾಗ್ ಹೊಡಿಯೋದ್ರಿ,” ಅನ್ನುತ್ತಿದ್ದ.

“ಎರಡನೇದರಾಗ ಬರೀ ಬಡದಾಟ,” ಅವಳು ತಿರುಗಿ ಹೇಳುತ್ತಿದ್ದಳು. “ಮೂರನೇದರಾಗ ಏನದ? ಅಡಗಿ ಮಾಡೋದು, ಮೀನಿನ ಬಲಿ ಹೆಣಿಯೋದು!”

“ಅದೇ ಬೇಕ್ರಿ ನಂಗ. ಅದರಾಗ ಒಂದು ಸೀನ್ ಅದ. ಗೋರೋ ದಿನಾ ಸಂಜಿಕ ಕೆಂತಾನ ಕತ್ತಿ ಒರೆಸಿ ಅದರ ಮುಂದ ದೀಪ ಹಚ್ತಾನ. ಮಿಯೋರಿ ಬಾಗಲದಾಗ ನಿಂತು ಸುಮ್ನ ನೋಡ್ತಾಳ. ಅಷ್ಟೇ. ಮೂರೂ ಸೀರೀಸಿನ್ಯಾಗ ಅಂಥಾ ಸೀನ್ ಇನ್ನೊಂದಿಲ್ಲ.”

“ನಾಟಕ! ಯಾವ ಗಂಡಸು ಹಂಗ ಮಾಡ್ತಾನ?”

ರಾಜರತ್ನ ಏನೋ ಹೇಳಹೊರಟ. ಅಷ್ಟರಲ್ಲಿ ಸೇಡಂ ಬಂದಿತ್ತು.

ಹೀಗೇ ವಾರಗಳು ಉರುಳಿದವು. ಚಿತ್ತಾಪುರ ಹತ್ತಿರವಾದಾಗ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗು ಇಟ್ಟು ಜಾಗ ಹಿಡಿಯುವುದನ್ನು ಮೈತ್ರಿ ಯಾವಾಗ ಕಲಿತಳೋ, ಅವಳಿಗೇ ತಿಳಿಯದು. ಖುಷಿಯೇ? ಊಹೂಂ... ಹಾಗೇನೂ ಅನ್ನಿಸುತ್ತಿರಲಿಲ್ಲ. ಬ್ಯಾಗು ಮಾತ್ರ ತಾನಾಗಿ ಅಲ್ಲಿ ಕೂರುತ್ತಿತ್ತು.

ಒಂದು ಸಂಜೆ ವಾಡಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಚಂದಮ್ಮ ಕಣ್ಣೊರೆಸಿಕೊಂಡಳು. ಅಂಬರೇಶ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿ.

“ಪಲ್ಯಕ್ಕ ಖಾರಾನೇ ಹಾಕಿಲ್ಲ ನಾನು. ಗೊತ್ತಾಗ್ಲಿಲ್ಲೇನು ನಿಂಗ?”

“ಇಲ್ಲತ್ತಿ.”

“ಹಿಂಗ ಎಷ್ಟು ದಿನ, ಮೈತ್ರಿ? ನನ್ನ ಮಗ ಹೋದ. ನಿನ್ನೂ ದಿನಾ ಸಾಯೋದು ನೋಡ್ಲೇನು ನಾ?” ಚಂದಮ್ಮ ಮೊಬೈಲು ಮುಂದೆ ಹಿಡಿದಳು. “ಎರಡು ತಿಂಗಳ ಹಿಂದ ಹುಣ್ಣಿಮಿಗಿ ಬುದ್ಧ ವಿಹಾರಕ್ಕ ಹೋದಾಗ ಚಿತ್ತಾಪುರದ ಶಿವಕಾಂತಮ್ಮ ಸಿಕ್ಕಿದ್ಳು. ಆಕಿ ಮಗ ಇವಾ. ನಿನ್ನ ಫೋಟೋ ಆಗಲೇ ಕೊಟ್ಟೀನಿ. ಎಲ್ಲಾ ಹೇಳೀನಿ. ಹುಡುಗ ಒಪ್ಯಾನ.”

ನೀಲಿ ಅಂಗಿ. ಅದೇ ನಗು. ರಾಜರತ್ನ!

‘ಎಲ್ಲಾ ಗೊತ್ತಿತ್ತು ಇವನಿಗೆ... ನಾನು ಗಂಡ ಸತ್ತವಳು ಅಂತ ಗೊತ್ತಿದ್ದೇ ಬಂದ. ಮೂರನೇ ಸೀರೀಸ್ ಹೊಗಳಿ ಹೊಗಳಿ ನನ್ನನ್ನು ಹದ ಮಾಡುತ್ತಿದ್ದ!’

ಮರುದಿನ ಪಕ್ಕದ ಸೀಟಿನ ಮೇಲೆ ಬ್ಯಾಗಿರಲಿಲ್ಲ. ರಾಜರತ್ನ ಕೂರುವ ಮೊದಲೇ ಮೈತ್ರಿ ಕೇಳಿದಳು, “ನನ್ನ ಫೋಟೋ ನೋಡೇ ಈ ಡಬ್ಬಿ ಹತ್ತಿದ್ರಿ, ಹೌದಲ್ಲ?”

“ಮೈತ್ರಿಯವ್ರೇ, ಜರಾ ಕೇಳ್ರಿ...”

“ಹೌದೋ ಅಲ್ಲೋ?”

“...ಹೌದು.”

“ಮೂರನೇದು ಯಾಕ ಅಷ್ಟು ಚಂದ ಅಂತ ಈಗ ತಿಳೀತು. ಇನ್ನ ಮ್ಯಾಲ ನಂಗ ಮುಖ ತೋರಿಸಬ್ಯಾಡ್ರಿ.”

ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರಲಿಲ್ಲ. ಹೊರಗೆ ತೊಗರಿ ಹೊಲಗಳು ಓಡುತ್ತಿದ್ದವು, ಅವಳು ನೋಡುತ್ತಿದ್ದಳು, ಅಷ್ಟೇ. ಮರುದಿನದಿಂದ ಅವನು ಹಿಂದಿನ ಡಬ್ಬಿ ಹತ್ತತೊಡಗಿದ. ಪಕ್ಕದ ಸೀಟಿನಲ್ಲಿ ಯಾರ್‍ಯಾರೋ ಬಂದು ಕೂತರು. ಮೈತ್ರಿ ಮೊದಲನೇ ಸೀರೀಸ್ ಹಚ್ಚಿದಳು, ನಡುವೆಯೇ ನಿಲ್ಲಿಸಿದಳು. ಯಾಕೋ ಅದೂ ಮುಂದೆ ಸಾಗಲಿಲ್ಲ.

ಹತ್ತು ಹದಿನೈದು ದಿನ ಕಳೆದಿರಬೇಕು. ಕ್ಲಿನಿಕ್ಕಿಗೆ ಒಬ್ಬ ಮುದುಕ ಬಂದ. ಬಿಳಿ ಧೋತರ, ಕಡ್ಡಿಯಂಥ ಮೈ, ಬಾಯಿ ತುಂಬ ಮಾತು.

“ಜಗದೇವಪ್ಪ ಅಂತ, ಯವ್ವಾ. ಶಹಾಬಾದಿನ್ಯಾಗ ನೆಲಕ್ಕ ಹಾಸೋ ಪರ್ಸಿ ಖಣಿನ್ಯಾಗ ಕಲ್ಲು ಒಡದು ಒಡದು ಎದಿ ತುಂಬ ಧೂಳು. ಮಗ ವರ್ಷಕ್ಕೊಮ್ಮಿ ತಪಾಸಣಿ ಮಾಡಸ್ತಾನ, ಬ್ಯಾಡಂದ್ರೂ ಕೇಳಂಗಿಲ್ಲ.”

“ಗದ್ದ ಮ್ಯಾಲ ಎತ್ರಿ. ಉಸಿರು ಹಿಡೀರಿ... ಬಿಡ್ರಿ. ಆತು.”

“ಖರೆ ಅಂದ್ರ ನಾ ಹಡದ ಮಗ ಅಲ್ಲ. ನಮ್ಮಾಕಿ ಮೊದಲನೇ ಗಂಡಂದು. ಗೇಣುದ್ದ ಇದ್ದ ನನ್ನ ಹೆಗಲು ಏರಿದಾಗ. ಈಗ ನೋಡು, ಯಾಕೋ ಮಾರಿ ಸಣ್ಣದು ಮಾಡ್ಕೊಂಡು ಗೇಟಿನ ಹೊರಗ ನಿಂತಾನ, ಒಳಗ ಬಾ ಅಂದ್ರ ಬರವಲ್ಲ.” ಮುದುಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಕ್ಕ. “ಭಾಳ ಹುಚ್ಚದ ಅದು. ಕಾಲೇಜು ಓದುವಾಗ ನನ್ನ ಕುಂದ್ರಿಸಿ ಒಂದು ಜಪಾನಿ ಕಾರ್ಟೂನ್ ತೋರಿಸ್ತು. ಅದರಾಗೊಬ್ಬ ಅಂಬಿಗ. ಸತ್ತಾವನ ಕತ್ತಿ ಒರೆಸಿ ದೀಪ ಹಚ್ತಾನ. ‘ಅಪ್ಪಾಜಿ, ಇವ ನೀನೇ’ ಅಂತ ಗಳಗಳ ಅತ್ತುಬಿಟ್ತು!”

ಮೈತ್ರಿಯ ಕೈ ಯಂತ್ರದ ಮೇಲೆಯೇ ನಿಂತಿತು.

“ನೀವೂ... ಕತ್ತಿ ಒರೆಸ್ತೀರಾ?”

“ಕತ್ತಿ ಎಲ್ಲಿದು ಯವ್ವಾ? ಫೋಟೋ! ಅವರಪ್ಪನ ಫೋಟೋ ದಿನಾ ನಾನೇ ಒರೆಸೋದು. ನಮ್ಮಾಕಿಗಿ ಕೈ ಎಟಕಂಗಿಲ್ಲ. ಮಂದಿ ನಗ್ತಾರ. ಅದರಾಗ ನಗೋದೇನದ? ಅವನೂ ನಮ್ಮ ಮನಿ ಮನಷ್ಯಾನೇ.”

ಮೈತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾಲೇಜು ಓದುವಾಗ... ತನ್ನ ಫೋಟೋ ಅವನ ಕೈ ಸೇರುವುದಕ್ಕೂ ಎಷ್ಟೋ ಮೊದಲು! ಅವನು ಸೀರೀಸ್ ಹೊಗಳುತ್ತಿರಲಿಲ್ಲ, ತನ್ನ ಮನೆಯ ಮಾತು ಹೇಳುತ್ತಿದ್ದ. ಅದನ್ನು ತಾನು ನಾಟಕ ಅಂದುಬಿಟ್ಟೆನಲ್ಲ!

ಮರುದಿನ ರೈಲು ಚಿತ್ತಾಪುರದಲ್ಲಿ ನಿಂತದ್ದೇ ಮೈತ್ರಿ ಪ್ಲಾಟ್‌ಫಾರ್ಮಿಗೆ ಇಳಿದು ಹಿಂದಿನ ಡಬ್ಬಿಯತ್ತ ಓಡಿದಳು.

“ರಾಜರತ್ನ!”

ಮೆಟ್ಟಿಲ ಮೇಲೆ ಕಾಲಿಟ್ಟಿದ್ದವನು ಹಾಗೇ ನಿಂತುಬಿಟ್ಟ. ರೈಲು ಸಿಳ್ಳೆ ಹಾಕಿತು.

“ಹತ್ರಿ, ಮೊದ್ಲು ಹತ್ರಿ! ಬಿಟ್ಟು ಹೋಗ್ತದ!” ಅಂತ ಅವಳ ಕೈ ಹಿಡಿದು ಮೇಲೆಳೆದುಕೊಂಡ.

ಬಾಗಿಲ ಬಳಿಯ ಸೀಟಿನಲ್ಲಿ ಇಬ್ಬರೂ ಕೂತರು.

“ನಿಮ್ಮ ಅಪ್ಪಾಜಿ ಸಿಕ್ಕಿದ್ರು. ನಾ ತಪ್ಪು ತಿಳ್ಕೊಂಡಿದ್ದೆ.”

“ಪೂರಾ ತಪ್ಪಲ್ರಿ. ಫೋಟೋ ನೋಡೇ ಬಂದಿದ್ದೆ, ಅದು ಖರೆ. ಒಮ್ಮಿ ಮಾತಾಡಿಸಿ, ಯಾರಂತ ಹೇಳ್ಬೇಕಂತ ಇದ್ದೆ. ನಿಮ್ಮ ಕೈಯಾಗ ‘ಉಪ್ಪಿನ ಕೋಟೆ’ ಕಂಡು ಎಲ್ಲಾ ಮರ್ತೆ. ಆಮ್ಯಾಲ ಹೇಳಿದ್ರ ಮಾತು ಬಿಡ್ತೀರಿ ಅಂತ ಅಂಜಿದೆ.”

“ನಂದೂ ಕೇಳ್ರಿ.” ಮೈತ್ರಿ ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದಳು. “ನನ್ನೊಳಗ ಏನೂ ಇಲ್ಲ. ಅಂಬರೇಶ ಹೋದಾಗ ಅಳ್ಲಿಲ್ಲ. ನಿಮ್ಮ ಮ್ಯಾಲ ಪ್ರೀತಿ ಅದೋ ಇಲ್ಲೋ, ಅದೂ ತಿಳೀವಲ್ದು. ನೀವು ಬರೋದು ಬಿಟ್ಟ ಮ್ಯಾಲ ಖಾಲಿ ಅನಸ್ತಿತ್ತು. ಅಷ್ಟೇ ಗೊತ್ತು.”

“ನಂಗ ನೀವು ಬೇಕ್ರಿ, ಮೈತ್ರಿ. ನಗದಿದ್ರೂ ಬೇಕು. ಅಳದಿದ್ರೂ ಬೇಕು.”

ಅವಳು ತಲೆಯೆತ್ತಿದಳು. ಅವನ ಕಣ್ಣು ತುಂಬಿತ್ತು.

“ಅಂಬರೇಶನ ಫೋಟೋ ನನ್ನ ಸಂಗಟ ಬರ್ತದ.”

“ಬರ್ಲಿ. ನಮ್ಮನಿ ಗ್ವಾಡಿ ದೊಡ್ಡದದ, ಎರಡು ಫೋಟೋ ಹಿಡಿಸ್ತಾವ.”

“ಅತ್ತಿನೂ.”

“ಅವರನ್ನ ಬಿಟ್ಟು ಬರ್ರಿ ಅಂತ ಯಾರಂದ್ರು?”

ಮೈತ್ರಿ ಮೊಬೈಲು ತೆಗೆದಳು. ಎರಡನೇ ಸೀರೀಸ್, ಅಂಬರೇಶನೊಂದಿಗೆ ನಿಲ್ಲಿಸಿದ್ದ ಜಾಗ. ಬೆರಳು ಪರದೆಯ ಮೇಲೆ ಬಂತು. ಮುಂದಿನ ಕಂತಿನಲ್ಲೇ ಕೆಂತಾ ಸಾಯುತ್ತಾನೆ ಎಂದು ರಾಜರತ್ನನಿಗೆ ಗೊತ್ತಿತ್ತು. ಅವಳ ಬೆರಳಿನ ಮೇಲೆ ಮೆಲ್ಲಗೆ ಕೈಯಿಟ್ಟ.

“ಇವತ್ತೇ ಬ್ಯಾಡ. ಭಾಳ ನೋವಾಗ್ತದ.”

“ಆಗ್ಲಿ, ರಾಜರತ್ನ,” ಅಂದಳು ಮೈತ್ರಿ. “ಏನರೆ ಒಂದು ಆಗ್ಲಿ.”